ಬೇಗ ಮುಳುಗುತ್ತಿದ್ದ ಹೊತ್ತು

ನೀನು ಕಳಿಸಿದ ನಾಲ್ಕು ಪುಟ ಓದಿದೆ, ಮಗಳೇ. ಎರಡು ಸಲ ಓದಿದೆ. ಅಕ್ಷರ ಮುದ್ದಾಗಿದೆ, ಒತ್ತು ದೀರ್ಘ ಎಲ್ಲೂ ತಪ್ಪಿಲ್ಲ. ನಿವೃತ್ತ ಮೇಷ್ಟ್ರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ, ಬೇಜಾರು ಮಾಡಿಕೋಬೇಡ. ಕಾಲೇಜಿನಲ್ಲಿ ಅಜ್ಜಿಯ ಬಗ್ಗೆ ಮಾತಾಡುತ್ತೀಯ ಅಂತ ತಿಳಿದು ಖುಷಿಯೂ ಆಯಿತು. ಆದರೆ ‘ಕಷ್ಟದಲ್ಲಿ ಅರಳಿದ ಹೂವು’ ಅಂತ ಒಂದು ತಲೆಬರಹ ಇಟ್ಟಿದ್ದೀಯಲ್ಲ, ಅದನ್ನು ತೆಗೆದುಬಿಡು. ಎರಡನೆಯ ಪುಟದಲ್ಲಿ ‘ನಮ್ಮಜ್ಜಿ ಎಳವೆಯಲ್ಲೇ ಉಪವಾಸ ವ್ರತಗಳನ್ನು ನಿಷ್ಠೆಯಿಂದ ಆಚರಿಸುತ್ತಿದ್ದರು’ ಅಂತ ಬರೆದಿದ್ದೀಯಲ್ಲ, ಅದನ್ನೂ ತೆಗೆ. ತಪ್ಪು ನಿನ್ನದಲ್ಲ. ನಿಮ್ಮಜ್ಜಿ ನಿಮ್ಮಮ್ಮನಿಗೆ ಹಾಗೆ ಹೇಳಿದ್ದಾಳೆ, ನಿಮ್ಮಮ್ಮ ನಿನಗೆ ಹೇಳಿದ್ದಾಳೆ. ಆ ಮನೆಯಲ್ಲಿ ಆ ದಿನಗಳಲ್ಲಿ ಇದ್ದವನು ನಾನು. ಈಗ ನಾನು, ನಿಮ್ಮಜ್ಜಿ ಇಬ್ಬರೇ ಉಳಿದಿದ್ದೇವೆ. ಅವಳು ಹೇಳುವುದಿಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ.

ವಯನಾಡಿನ ಜೈನರು ಅಂದರೆ ಹೊರಗಿನವರಿಗೆ ಕಾಫಿ ಎಸ್ಟೇಟಿನ ಗೌಡರೇ ಕಣ್ಣಿಗೆ ಬರುತ್ತಾರೆ. ತಪ್ಪೇನಲ್ಲ. 1957ರಲ್ಲಿ ತಲಶ್ಶೇರಿಯಿಂದ ಲೋಕಸಭೆಗೆ ಹೋದ ಎಂ.ಕೆ. ಜಿನಚಂದ್ರನ್ ಕಲ್ಪೆಟ್ಟದವರು, ನಮ್ಮವರು. ‘ಮಾತೃಭೂಮಿ’ ಪತ್ರಿಕೆ ನಡೆಸಿದ ಎಂ.ಪಿ. ವೀರೇಂದ್ರಕುಮಾರ್ ಅಲ್ಲಿಯವರೇ. ಪುಳಿಯಾರ್‌ಮಲೆಯ ಅನಂತನಾಥ ಬಸದಿಗೆ ಹೋದರೆ ಕಾರುಗಳ ಸಾಲು ನೀನೇ ನೋಡಿದ್ದೀಯ. ಆ ಮನೆಗಳು ಬೇರೆ, ನಮ್ಮ ಮನೆ ಬೇರೆ. ಪನಮರದ ಹೊಳೆಯ ಈಚೆ, ಗದ್ದೆಯ ಅಂಚಿನಲ್ಲಿ, ಹುಲ್ಲು ಹೊದಿಸಿದ ಎರಡು ಅಂಕಣದ ಮನೆ. ಉಳುತ್ತಿದ್ದದ್ದು ಗೇಣಿ ಗದ್ದೆ. ಪೌಷ ಮಾಸದಲ್ಲಿ ಕೊಯ್ಲಾದರೆ ಧಣಿಯ ಪಾಲು ಮೊದಲು ಹೋಗಬೇಕು, ಆಮೇಲೆ ಬಿತ್ತನೆಗೆ ಎತ್ತಿಡಬೇಕು, ಹೋದ ವರ್ಷದ ಸಾಲ ತೀರಿಸಬೇಕು. ಉಳಿದದ್ದು ಎಷ್ಟು ಒಣಗಿಸಿ ಎಷ್ಟು ಜೋಪಾನ ಮಾಡಿದರೂ ಆಷಾಢದ ತನಕ ಬರುತ್ತಿರಲಿಲ್ಲ. ಮನೆಯೊಳಗೆ ಕನ್ನಡ, ಬೇಲಿಯಾಚೆ ಮಲಯಾಳ. ಅಪ್ಪನಿಗೆ ವರ್ಷಕ್ಕೆ ಎರಡು ಸಲ ನಡುಕದ ಜ್ವರ. ಆಗ ವಯನಾಡು ಅಂದರೆ ಮಲೇರಿಯಾ. ಡಿ.ಡಿ.ಟಿ. ಹೊಡೆಯುವವರು ಬಂದು ಗೋಡೆಗೆಲ್ಲ ಬಿಳಿ ಬಳಿದು ಹೋದ ಮೇಲೆಯೇ ಅದು ಕಮ್ಮಿಯಾದದ್ದು.

ಈಗ ವ್ರತದ ವಿಷಯಕ್ಕೆ ಬರುತ್ತೇನೆ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಉಣ್ಣುವ ಹಾಗಿಲ್ಲ, ನಿನಗೆ ಗೊತ್ತಿರುವುದೇ. ಮನೆಯಲ್ಲಿ ಗಡಿಯಾರ ಇರಲಿಲ್ಲ. ಬೇಸಿಗೆಯಲ್ಲಾದರೆ ಸೂರ್ಯ ಬಾಣಾಸುರ ಬೆಟ್ಟದ ಹಿಂದೆ ಇಳಿಯುವುದು ಅಂಗಳದಿಂದಲೇ ಕಾಣುತ್ತಿತ್ತು. ಮಳೆಗಾಲದಲ್ಲಿ ಸೂರ್ಯನನ್ನು ಕಂಡವರು ಯಾರು? ಬೆಳಗ್ಗೆಯೂ ಅದೇ ಬೂದಿ ಬಣ್ಣ, ಮಧ್ಯಾಹ್ನವೂ ಅದೇ. ಹೊತ್ತು ಯಾವಾಗ ಮುಳುಗಿತು ಅಂತ ಹೇಳಬೇಕಾದವಳು ಅವ್ವ. ಬಾಗಿಲಲ್ಲಿ ನಿಂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮೋಡ ನೋಡಿ, ‘ಮುಳುಗ್ತು, ಇನ್ನು ಏನೂ ಮುಟ್ಟೋ ಹಾಗಿಲ್ಲ’ ಅನ್ನುತ್ತಿದ್ದಳು. ಕೆಲವು ದಿನ ಹೊತ್ತು ಬಹಳ ಬೇಗ ಮುಳುಗುತ್ತಿತ್ತು. ಎಮ್ಮೆ ಇನ್ನೂ ಮೇಯುತ್ತಿರುತ್ತಿತ್ತು, ಗದ್ದೆಯಲ್ಲಿ ಆಳುಗಳು ಇನ್ನೂ ಬಗ್ಗಿರುತ್ತಿದ್ದರು, ನಮ್ಮ ಮನೆಗೆ ಮಾತ್ರ ರಾತ್ರಿ. ಇನ್ನು ಕೆಲವು ದಿನ ಕಪ್ಪೆ ಕೂಗಿ, ಎದುರಿಗಿದ್ದವರ ಮುಖ ಕಾಣದಷ್ಟು ಕತ್ತಲಾದರೂ ಮುಳುಗಿರುತ್ತಿರಲಿಲ್ಲ.

ನನಗೆ ಆರು ವರ್ಷ, ನಾನು ನಂಬುತ್ತಿದ್ದೆ. ಅಕ್ಕನಿಗೆ, ಅಂದರೆ ನಿಮ್ಮಜ್ಜಿಗೆ, ಹನ್ನೊಂದು. ಅವಳು ಆಕಾಶದ ಕಡೆ ನೋಡುತ್ತಲೇ ಇರಲಿಲ್ಲ. ಒಳಕೋಣೆಯಲ್ಲಿ ಅವ್ವ ಅಕ್ಕಿ ಮಡಕೆಗೆ ಪಾವು ಹಾಕುವ ಸದ್ದಿಗೆ ಕಿವಿ ಇಟ್ಟಿರುತ್ತಿದ್ದಳು. ಪಾವು ಮಡಕೆಯ ತಳಕ್ಕೆ ತಾಗಿ ಕರ್ ಅಂದರೆ ಅವತ್ತು ಹೊತ್ತು ಬೇಗ ಮುಳುಗುತ್ತೆ ಅಂತ ಅವಳಿಗೆ ಗೊತ್ತು. ಆಮೇಲಾಮೇಲೆ ಅವ್ವ ಬಾಗಿಲಿಗೆ ಬರುವುದಕ್ಕೂ ಬಿಡುತ್ತಿರಲಿಲ್ಲ. ತಾನೇ ನನ್ನ ಕೈ ಹಿಡಿದು ಹೊರಗೆ ಕರೆದೊಯ್ದು, ‘ನೋಡೋ, ಮುಳುಗೇ ಹೋಯ್ತು’ ಅಂತ ಬೆಟ್ಟದ ಕಡೆ ತೋರಿಸುತ್ತಿದ್ದಳು. ನಾನು ನೋಡುತ್ತಿದ್ದೆ. ಬರೀ ಮೋಡ.

ಬಸದಿಗೆ ಬಂದವರು ಇದನ್ನು ಕಂಡು, ಎಂಥ ನಿಷ್ಠೆ ಈ ಮಗುವಿನದು ಅಂತ ಹೊಗಳಿದರು. ಅವ್ವ ಸುಮ್ಮನಿದ್ದಳು. ಹೊಗಳಿಕೆಯನ್ನು ಬೇಡ ಅಂದರೆ ಹಸಿವನ್ನು ಒಪ್ಪಿಕೊಂಡ ಹಾಗೆ ಆಗುತ್ತಿತ್ತಲ್ಲ. ನಿನ್ನ ಎರಡನೆಯ ಪುಟದ ಆ ಸಾಲು ಹುಟ್ಟಿದ್ದು ಅಲ್ಲಿ. ನಿಷ್ಠೆಯಿಂದ ಉಪವಾಸ ಮಾಡುವವರು ಇದ್ದಾರೆ, ನನಗೂ ಅವರ ಬಗ್ಗೆ ಗೌರವವಿದೆ. ಆದರೆ ಉಣ್ಣುವುದಕ್ಕೆ ಇದ್ದು ಬಿಟ್ಟರೆ ತಾನೇ ಅದು ವ್ರತ? ಹನ್ನೊಂದರ ಹುಡುಗಿ ತಮ್ಮನಿಗೆ ಸುಳ್ಳು ಸೂರ್ಯಾಸ್ತ ತೋರಿಸಿದ್ದನ್ನು ವ್ರತ ಅಂತ ಕರೆದರೆ ಅವ್ವನ ಸಂಕಟಕ್ಕೂ ಮರ್ಯಾದೆ ಇಲ್ಲ, ವ್ರತಕ್ಕೂ ಇಲ್ಲ.

1961ರ ಮಳೆಗಾಲದ ಮಾತು ಇದು. ಆ ವರ್ಷ ಕೇರಳಕ್ಕೆಲ್ಲ ದೊಡ್ಡ ನೆರೆ ಬಂತು. ನಮ್ಮ ಸಸಿಮಡಿ ಕೊಚ್ಚಿಹೋಯಿತು. ಮತ್ತೆ ಬಿತ್ತನೆ ಭತ್ತ ತರುವುದಕ್ಕೆ ಅಪ್ಪ ಅವ್ವನ ಓಲೆ ಅಡವಿಟ್ಟ. ತಿರುವಾಂಕೂರಿನಿಂದ ಬಂದು ಕಾಡು ಕಡಿದು ನೆಲೆಸಿದ್ದ ಒಬ್ಬ ಕ್ರಿಶ್ಚಿಯನ್ ಹೆಂಗಸು ಪಕ್ಕದ ಗುಡ್ಡದಲ್ಲಿದ್ದಳು. ಒಂದು ಸಂಜೆ ಮಡಿಲು ತುಂಬ ಕಪ್ಪ ತಂದು ಜಗಲಿಯಲ್ಲಿ ಸುರಿದು ಹೋದಳು. ಕಪ್ಪ ಅಂದರೆ ಮರಗೆಣಸು. ಗೆಡ್ಡೆ ಗೆಣಸು ನಮಗೆ ವರ್ಜ್ಯ. ನನ್ನ ಅಜ್ಜಿ ಇನ್ನೂ ಬದುಕಿದ್ದಳು, ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ಅವ್ವ ಬಾಗಿಲು ಹಾಕಿ, ಸಿಪ್ಪೆ ಸುಲಿದು, ಉಪ್ಪು ಹಾಕಿ ಬೇಯಿಸಿದಳು. ‘ಮಣ್ಣೊಳಗಿನದಲ್ವೇನೇ ಅದು?’ ಅಂತ ಅಜ್ಜಿ ಕೇಳಿದ್ದಕ್ಕೆ ಅವ್ವ, ‘ಮರಗೆಣಸು ಅಂತಾರಲ್ಲ ಅತ್ತೆ, ಮರದ್ದೇ’ ಅಂದಳು. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, ‘ಹಾಗಾದ್ರೆ ನನಗೂ ಎರಡು ಚೂರು ಹಾಕು’ ಅಂದಳು. ಇದನ್ನು ಬೇಕಾದರೆ ನಿನ್ನ ಭಾಷಣದಲ್ಲಿ ಹೇಳು. ಜನ ನಗುತ್ತಾರೆ, ನಗಲಿ.

ಅದೇ ವರ್ಷದ ಜೂನ್‌ನಲ್ಲಿ ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸಿದರು. ಅಕ್ಕ ನಾಲ್ಕನೇ ಕ್ಲಾಸು ಮುಗಿಸಿದ್ದಳು. ಐದಕ್ಕೆ ಹೊಳೆಯಾಚೆ ಹೋಗಬೇಕು. ಹೊಳೆ ಅಂತೂ ಆ ವರ್ಷ ದಾಟುವ ಹಾಗೇ ಇರಲಿಲ್ಲ. ಇಳಿದ ಮೇಲೂ ಅವಳನ್ನು ಯಾರೂ ಕಳಿಸಲಿಲ್ಲ. ಮನೆಯಲ್ಲಿ ಇದ್ದದ್ದು ಒಂದೇ ಸ್ಲೇಟು, ಒಂದು ಮೂಲೆ ಒಡೆದದ್ದು. ಅವಳು ಅದನ್ನು ಕೆಸುವಿನ ಎಲೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟಳು. ಅದರ ಮೇಲೆ ಅವಳು ಬಳಪದಿಂದ ಒತ್ತಿ ಒತ್ತಿ ಮಾಡಿದ್ದ ಭಾಗಾಕಾರದ ಗೀರು ಹಾಗೇ ಉಳಿದಿತ್ತು. ನಾನು ಎಷ್ಟು ಉಗುಳು ಹಚ್ಚಿ ಉಜ್ಜಿದರೂ ಹೋಗುತ್ತಿರಲಿಲ್ಲ. ನನ್ನ ಅ ಆ ಅವಳ ಲೆಕ್ಕದ ಮೇಲೆಯೇ ಬರೆದದ್ದು.

ಲೆಕ್ಕದಲ್ಲಿ ಅವಳು ಹೇಗಿದ್ದಳು ಅಂತ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ಬರೆದು ತಿರುಗುವಷ್ಟರಲ್ಲಿ ಉತ್ತರ ಬಾಯಲ್ಲಿ. ಎಷ್ಟೋ ವರ್ಷ ನಾನು ಮಕ್ಕಳಿಗೆ ಗಣಿತ ಕಲಿಸಿದೆನಲ್ಲ, ಅಷ್ಟರಲ್ಲಿ ಅಂಥ ತಲೆ ಎರಡೋ ಮೂರೋ ಕಂಡಿರಬಹುದು. ಆ ತಲೆಯನ್ನು ಮನೆಯವರು ಗದ್ದೆಯ ಅಟ್ಟಣೆ ಮೇಲೆ ಕೂರಿಸಿ, ಕೈಗೆ ಒಂದು ಸೀಮೆಎಣ್ಣೆ ಡಬ್ಬ ಕೊಟ್ಟು, ಗಿಳಿ ಓಡಿಸು ಅಂದರು. ರಾತ್ರಿ ಹಂದಿ ಕಾಯಲು ಅಪ್ಪ, ಹಗಲು ಗಿಳಿ ಕಾಯಲು ಅಕ್ಕ. ‘ಕಷ್ಟ ಅವರನ್ನು ಗಟ್ಟಿಗೊಳಿಸಿತು’ ಅಂತ ಬರೆದಿದ್ದೀಯ. ಕಷ್ಟ ಅವಳಿಂದ ಏನು ಕಿತ್ತುಕೊಂಡಿತು ಅಂತ ಮೊದಲು ಬರಿ. ಅವಳು ಬಿಟ್ಟ ಜಾಗದಲ್ಲಿ ಕೂತು ಓದಿ ಸಂಬಳ ತಂದವನು ಅವಳ ತಮ್ಮ, ಅಂದರೆ ನಾನು, ಅಂತಲೂ ಬರಿ. ನನ್ನ ಮುಲಾಜು ಬೇಡ.

ಬಡತನದ ಕಥೆ ಹೇಳುವಾಗ ನಮ್ಮ ಮನೆಯೇ ಕೊನೆಯ ಮೆಟ್ಟಿಲು ಅನ್ನುವ ಹಾಗೆ ಹೇಳುವ ಚಟ ನಮಗಿದೆ. ನನಗೂ ಇತ್ತು. ನಮ್ಮ ಕೆಳಗೆ ಬುಡಕಟ್ಟಿನ ಪಣಿಯರು ಇದ್ದರು, ಅಡಿಯರು ಇದ್ದರು. ಮಾನಂದವಾಡಿ ಹತ್ತಿರ ವಳ್ಳಿಯೂರ್‌ಕಾವ್ ಜಾತ್ರೆ ಈಗ ನೀವೆಲ್ಲ ಐಸ್‌ಕ್ರೀಂ ತಿನ್ನಲು ಹೋಗುವ ಜಾತ್ರೆ. ಆ ಕಾಲಕ್ಕೆ ಧಣಿಗಳು ಅಲ್ಲಿಗೆ ಹೋಗಿ, ದೇವಿಯ ಸನ್ನಿಧಿಯಲ್ಲಿ ಮುಂಗಡ ಕೊಟ್ಟು, ಒಂದು ವರ್ಷದ ಮಟ್ಟಿಗೆ ಮನುಷ್ಯರನ್ನು ಗೊತ್ತುಮಾಡಿಕೊಂಡು ಬರುತ್ತಿದ್ದರು. ಜೀತ ನಿಷೇಧದ ಕಾಯ್ದೆ ಬಂದದ್ದು 1976ರಲ್ಲಿ. ನಮ್ಮ ಧಣಿಯೂ ಹಾಗೆ ತಂದವರನ್ನು ನಾಟಿಯ ಹೊತ್ತಿಗೆ ನಮ್ಮ ಗದ್ದೆಗೆ ಕಳಿಸುತ್ತಿದ್ದರು. ಕಂಬಳನಾಟ್ಟಿ ಅಂತ ಕರೆಯುತ್ತಾರೆ. ಒಂದು ಕಡೆ ತುಡಿ ಬಡಿಯುತ್ತಾರೆ, ಕೊಳಲು ಊದುತ್ತಾರೆ, ಸಾಲು ಹಿಂದೆ ಹಿಂದೆ ಸರಿಯುತ್ತಾ ಸಸಿ ನೆಡುತ್ತೆ. ನೋಡುವುದಕ್ಕೆ ಬಹಳ ಚಂದ. ಸಂಜೆ ಕೂಲಿ ಭತ್ತದಲ್ಲಿ. ಅಳೆದು ಕೊಡುತ್ತಿದ್ದವನು ನಮ್ಮಪ್ಪ.

ಅಳೆಯುವಾಗ ಅಪ್ಪನ ಹೆಬ್ಬೆರಳು ಸೇರಿನ ಒಳಗೆ ಇರುತ್ತಿತ್ತು.

ಒಂದು ಹೆಬ್ಬೆರಳು ಎಷ್ಟು ಭತ್ತದ ಜಾಗ ಹಿಡಿಯುತ್ತೆ ಹೇಳು? ಅಕ್ಕ ಲೆಕ್ಕ ಹಾಕಿದ್ದಳು. ಇಪ್ಪತ್ತು ಆಳಿಗೆ ಅಳೆದರೆ ಒಂದು ಪಾವು ಉಳಿಯುತ್ತೆ ಅಂತ. ಆ ಪಾವು ಕುಟ್ಟಿದರೆ ನಮ್ಮಿಬ್ಬರ ಸಂಜೆಯ ಗಂಜಿಗೆ ಆಗುತ್ತಿತ್ತು. ಇದನ್ನು ಅವಳು ನನಗೆ ಹೇಳಿದ್ದು ಅಪ್ಪ ಹೋಗಿ ಇಪ್ಪತ್ತು ವರ್ಷವಾದ ಮೇಲೆ. ‘ಆ ಗಂಜಿಯನ್ನ ನಾನು ಉಂಡೆ ಕಣೋ, ಗೊತ್ತಿದ್ದೂ ಉಂಡೆ’ ಅಂದಳು. ಅಪ್ಪನನ್ನು ಕೆಟ್ಟವನು ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ನಮ್ಮ ಹಸಿವಿನ ಲೆಕ್ಕದಲ್ಲಿ ಆ ಹೆಬ್ಬೆರಳೂ ಬರಬೇಕು.

ಆ ಆಳುಗಳ ಜೊತೆ ಬರುತ್ತಿದ್ದ ಒಬ್ಬ ಪಣಿಯ ಹುಡುಗಿ ಅಕ್ಕನ ವಾರಿಗೆಯವಳು. ಬದುವಿನ ತೂತಿಗೆ ಕೈ ಹಾಕಿ ಏಡಿ ಹಿಡಿಯುವುದರಲ್ಲಿ ಎತ್ತಿದ ಕೈ. ಒಂದು ದಿನ ಕೆಂಡದ ಮೇಲೆ ಸುಟ್ಟು, ಕಾಲು ಮುರಿದು, ಅಕ್ಕನ ಮುಂದೆ ಹಿಡಿದಳು. ಅಕ್ಕ ಬೆಳಗ್ಗಿನಿಂದ ಏನೂ ತಿಂದಿರಲಿಲ್ಲ. ತಲೆ ಆಡಿಸಿ ಬೇಡ ಅಂದಳು. ಈ ಸಂಗತಿ ನಿನ್ನ ಮೂರನೆಯ ಪುಟದಲ್ಲಿ ಇದೆ, ‘ಪ್ರಲೋಭನೆಯನ್ನು ಗೆದ್ದ ಬಾಲಕಿ’ ಅಂತ. ಹೋದ ಶ್ರಾವಣದಲ್ಲಿ ನಾನು ಅವಳನ್ನು ನೇರವಾಗಿ ಕೇಳಿದೆ. ಜಪಮಣಿ ಎಣಿಸುತ್ತಾ ಕೂತಿದ್ದಳು. ಎಣಿಕೆ ನಿಲ್ಲಿಸದೆ, ‘ಆ ವಾಸನೆ ಈಗಲೂ ಮೂಗಲ್ಲಿ ಇದೆ’ ಅಂದಳು. ಆಮೇಲೆ, ‘ಅವಳ ಹತ್ರ ಇದ್ದದ್ದೇ ಅದೊಂದು. ಅದರಲ್ಲಿ ನನಗೆ ಕೊಡೋಕೆ ಬಂದ್ಲು’ ಅಂದಳು. ಆ ಹುಡುಗಿ ಮೊದಲ ಬಾಣಂತನದಲ್ಲೇ ಹೋಗಿಬಿಟ್ಟಳು. ಗೆದ್ದದ್ದು ಸೋತದ್ದು ಬಿಡು, ಕೊಡಲು ಬಂದವಳ ಬಗ್ಗೆ ಎರಡು ಮಾತು ಹೇಳು.

ಇನ್ನು ನಿನ್ನ ನಾಲ್ಕನೆಯ ಪುಟದ ‘ಮಿತವ್ಯಯ’. ನಿಮ್ಮಜ್ಜಿ ಒಂದು ಅಗುಳೂ ಚೆಲ್ಲುವುದಿಲ್ಲ, ನಿಜ. ಅವಳ ಮನೆಯಲ್ಲಿ ಅಕ್ಕಿ ಮೂರು ಕಡೆ ಇರುತ್ತೆ, ಗಮನಿಸಿದ್ದೀಯಾ? ಅಡಿಗೆಮನೆಯ ಡಬ್ಬದಲ್ಲಿ, ಮಂಚದ ಕೆಳಗೆ, ಅಟ್ಟದಲ್ಲಿ. ಅಟ್ಟದ್ದಕ್ಕೆ ಪ್ರತಿ ವರ್ಷ ಹುಳ ಬೀಳುತ್ತೆ, ಪ್ರತಿ ವರ್ಷ ಮತ್ತೆ ತುಂಬಿಸುತ್ತಾಳೆ. ಅದಕ್ಕೆ ಮಿತವ್ಯಯ ಅನ್ನುತ್ತಾರೇನು? ಅದು ಹೆದರಿಕೆ. ನಿಮ್ಮಮ್ಮನ ಬಲ ಮುಂಗೈ ಮೇಲೆ ಒಂದು ಬಿಳಿ ಗುರುತು ಇದೆ ನೋಡು. ಐದು ವರ್ಷದವಳಿದ್ದಾಗ ತಟ್ಟೆ ಮಗುಚಿದಳು ಅಂತ ಕಾದ ಸೌಟಿನಿಂದ ಬಿದ್ದದ್ದು. ಆಮೇಲೆ ರಾತ್ರಿಯೆಲ್ಲ ಆ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಅತ್ತವಳೂ ನಿಮ್ಮಜ್ಜಿಯೇ. ಹಸಿದು ಬೆಳೆದವರು ಮೆತ್ತಗಾಗುತ್ತಾರೆ ಅಂತ ಯಾರು ಹೇಳಿದರು ನಿನಗೆ? 2024ರ ಜುಲೈ 30ರ ನಸುಕಿನಲ್ಲಿ ಮುಂಡಕೈ, ಚೂರಲ್‌ಮಲೆ ಕಡೆ ಗುಡ್ಡ ಕುಸಿದು ಊರಿಗೆ ಊರೇ ಹೋಯಿತಲ್ಲ, ಆಗ ಟಿ.ವಿ.ಯಲ್ಲಿ ಯಾರೋ ಕ್ಯಾಂಪಿನ ಮಕ್ಕಳ ಧೈರ್ಯ ಹೊಗಳುತ್ತಿದ್ದರು. ‘ಊಟ ಆಯ್ತಾ ಅಂತ ಕೇಳ್ರೋ ಮೊದ್ಲು’ ಅಂತ ನಿಮ್ಮಜ್ಜಿ ಟಿ.ವಿ.ಗೆ ಬೈದು, ಎದ್ದುಹೋಗಿ ಅಟ್ಟದ ಅಕ್ಕಿ ಇಳಿಸಿ, ಆರಿಸಲು ಕೂತಳು. ಆ ವರ್ಷ ಮಾತ್ರ ಅದಕ್ಕೆ ಹುಳ ಬೀಳಲಿಲ್ಲ, ಕ್ಯಾಂಪಿಗೆ ಹೋಯಿತು.

ಒಂದು ಕಾಗದದ ವಿಷಯ ಹೇಳಬೇಕು. ಇದು ಭಾಷಣಕ್ಕಲ್ಲ, ನಿನಗೆ. 1970ರ ಜನವರಿ 1ಕ್ಕೆ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತು. ಕಾಫಿ ಚಹಾದ ದೊಡ್ಡ ತೋಟಗಳನ್ನು ಭೂಮಿತಿಯಿಂದ ಹೊರಗಿಟ್ಟರು, ಅದು ಬೇರೆ ಕಥೆ. ನಮ್ಮಂಥ ಗೇಣಿದಾರರಿಗಂತೂ ಉಳುತ್ತಿದ್ದ ನೆಲ ಸಿಕ್ಕಿತು. ಲ್ಯಾಂಡ್ ಟ್ರಿಬ್ಯೂನಲ್ ಕೊಟ್ಟ ಕಾಗದ ಅಪ್ಪನ ಹೆಸರಿಗೆ ಬಂತು. ಅವತ್ತು ಅಪ್ಪ ಆ ಕಾಗದವನ್ನು ಬಸದಿಗೆ ಒಯ್ದು ಸ್ವಾಮಿಯ ಮುಂದೆ ಇಟ್ಟು ತಂದ. ಅವನು ಉಯಿಲು ಬರೆಯದೆ ಹೋದ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತೆ, ಅದರ ಪ್ರಕಾರ ಅಂಥ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ನಮಗಿದು ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಹಕ್ಕು ಬಿಡುಗಡೆ ಪತ್ರ ಬರೆಸಿದೆವು. ನಮಗೊಬ್ಬ ಅಣ್ಣನಿದ್ದ; ಅವನು ಜೀಪು ಮಾಡಿಕೊಂಡು ಅಕ್ಕನನ್ನು ಕರೆತಂದ, ಅತ್ತಿಗೆ ಹೊಸ ಸೀರೆ ಕೊಟ್ಟಳು, ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಅವಳ ಪಕ್ಕ ಕೂತಿದ್ದವನು ನಾನು. ಆಗ ಅವಳು ವಿಧವೆ, ಎರಡು ಮಕ್ಕಳು. ಪತ್ರವನ್ನು ಪೂರ್ತಿ ಓದಿದಳು. ಎಲ್ಲೆಕಟ್ಟಿನಲ್ಲಿ ಒಂದು ಸರ್ವೆ ನಂಬರು ತಪ್ಪಾಗಿತ್ತು, ಅದನ್ನು ತೋರಿಸಿ ತಿದ್ದಿಸಿದಳು. ಆಮೇಲೆ ಸಹಿ ಹಾಕಿದಳು.

ಹೋದ ವರ್ಷ ನನ್ನ ಪಾಲಿನಲ್ಲಿ ಅರ್ಧ ಎಕರೆ ಅವಳ ಹೆಸರಿಗೆ ಮಾಡಿಸುತ್ತೇನೆ ಅಂತ ಹೋದೆ. ನಕ್ಕಳು. ‘ಈಗ ಯಾಕೋ? ಮೆಣಸು ಕೊಯ್ಯೋಕೆ ಏಣಿ ಹತ್ತಲಾ?’ ಅಂದಳು. ನಾನು ಸುಮ್ಮನೆ ಬಂದೆ. ಮತ್ತೆ ಹೋಗುತ್ತೇನೆ. ಅವಳು ಬೇಡ ಅಂದರೆ ನಿಮ್ಮಮ್ಮನ ಹೆಸರಿಗೆ ಆಗುತ್ತೆ. ನಿನಗೆ ಇಷ್ಟು ಮಾತ್ರ: ನಾಳೆ ಪ್ರೀತಿಯವರೇ ಆಗಲಿ, ಹೊಸ ಸೀರೆ ಕೊಟ್ಟು ಕಾಗದ ಮುಂದಿಟ್ಟರೆ, ಸೀರೆ ಉಟ್ಟುಕೋ, ಕಾಗದಕ್ಕೆ ಒಂದು ತಿಂಗಳ ಟೈಮು ಕೇಳು.

ಹಾಗಾದರೆ ಏನು ಮಾತಾಡಲಿ ಅಂತ ನೀನು ಕೇಳುತ್ತೀಯ. ಅವಳ ತಲೆದಿಂಬಿನ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇದೆ. ಅಂಥವು ಪೆಟ್ಟಿಗೆಯಲ್ಲಿ ಇನ್ನೂ ಹನ್ನೆರಡು ಇವೆ. ನೀನು ತೆಗೆದು ನೋಡಿ, ಮಲಯಾಳ ಅಂತ ಮುಚ್ಚಿಟ್ಟಿರುತ್ತೀಯ. ನಿನ್ನ ಮಲಯಾಳಿ ಗೆಳತಿಗೆ ತೋರಿಸಿದರೆ ಅವಳು ಅಕ್ಷರ ಓದುತ್ತಾಳೆ, ಅರ್ಥ ಆಗುವುದಿಲ್ಲ. ಯಾಕೆ ಗೊತ್ತಾ? ಲಿಪಿ ಮಲಯಾಳ, ಮಾತು ಕನ್ನಡ. ಅವಳಿಗೆ ಶಾಲೆ ಕೊಟ್ಟದ್ದು ನಾಲ್ಕು ವರ್ಷದ ಮಲಯಾಳ ಅಕ್ಷರ, ಮನೆ ಕೊಟ್ಟದ್ದು ಕನ್ನಡ. ಎರಡನ್ನೂ ಸೇರಿಸಿ ಅವಳೇ ಮಾಡಿಕೊಂಡ ಬರವಣಿಗೆ ಅದು. ‘ಹಸಿ ಮೆಣಸು 120, ಒಣಗಿ 41’ ಅಂತ ಒಂದು ಸಾಲು. ಮೂರು ಪಾಲು ಹಸಿಗೆ ಒಂದು ಪಾಲು ಒಣದ್ದು ಬಂದರೆ ಸರಿ; ಅದಕ್ಕಿಂತ ಕಮ್ಮಿ ಬಂದ ದಿನ ಯಾರು ಒಣಗಿಸಿದರು, ಯಾರು ತೂಗಿದರು ಅಂತ ಪಕ್ಕದಲ್ಲಿ ಬರೆದಿರುತ್ತಾಳೆ. ಬಳ್ಳಿಗೆ ಸೊರಗು ರೋಗ ಬಂದ ವರ್ಷ ದಿನಕ್ಕೆಷ್ಟು ಬಳ್ಳಿ ಸತ್ತವು ಅಂತ ಪುಟಗಟ್ಟಲೆ ಎಣಿಕೆ. ಮಧ್ಯೆ ಮಧ್ಯೆ ಲೆಕ್ಕಕ್ಕೆ ಸಂಬಂಧವಿಲ್ಲದ ಒಂದೊಂದು ಸಾಲು. ‘ಮಗಳಿಗೆ ಜ್ವರ.’ ‘ಇವತ್ತು ಯಾರೂ ಬರಲಿಲ್ಲ.’ ಒಂದು ಪುಟದಲ್ಲಿ ಬರೀ ಭಾಗಾಕಾರ, ಯಾವ ಮೆಣಸಿಗೂ ಯಾವ ಕಾಫಿಗೂ ಸಂಬಂಧವಿಲ್ಲದ್ದು, ಏಳು ಅಂಕಿಯ ಸಂಖ್ಯೆಯನ್ನು ಮೂರು ಅಂಕಿಯಿಂದ ಭಾಗಿಸಿದ್ದು. ಸುಮ್ಮನೆ, ಖುಷಿಗೆ. ನಾನು ಮಾಡಿ ನೋಡಿದೆ, ಸರಿಯಾಗಿದೆ.

ಮಲಯಾಳ ಲಿಪಿ ಕಲಿಯಲು ನಿನಗೆ ಹದಿನೈದು ದಿನ ಸಾಕು. ನಾನು ಕಲಿಸುತ್ತೇನೆ. ಆ ಪುಸ್ತಕ ಹಿಡಿದು ಅವಳ ಹತ್ತಿರ ಹೋಗು. ‘ಅಜ್ಜಿ, ನಿಮ್ಮ ಕಷ್ಟ ಹೇಳಿ’ ಅಂತ ಮೊಬೈಲು ಮುಂದೆ ಹಿಡಿದರೆ ಅವಳು ವ್ರತದ ಕಥೆಯನ್ನೇ ಹೇಳುತ್ತಾಳೆ, ಅದು ಅವಳಿಗೆ ಬಾಯಿಪಾಠ. ‘ಅಜ್ಜಿ, ಈ ಭಾಗಾಕಾರ ಯಾಕೆ ಮಾಡಿದ್ರಿ’ ಅಂತ ಕೇಳಿ ನೋಡು.

ದೀಪಾವಳಿ ರಜಕ್ಕೆ ಬರುತ್ತೇನೆ ಅಂದಿದ್ದೀಯಲ್ಲ. ಎಚ್.ಡಿ. ಕೋಟೆ, ಬಾವಲಿ ಮೇಲೆ ಬರುವುದಾದರೆ ಕಾಡಿನ ಗೇಟು ಸಂಜೆ 6ಕ್ಕೆ ಮುಚ್ಚುತ್ತೆ. ಗುಂಡ್ಲುಪೇಟೆ, ಮುತ್ತಂಗ ದಾರಿ ರಾತ್ರಿ 9ರ ತನಕ ತೆರೆದಿರುತ್ತೆ. ಯಾವ ದಾರಿಯಲ್ಲೇ ಬಾ, ಬೆಳಗ್ಗಿನ ಬಸ್ಸು ಹಿಡಿ. ನಿಮ್ಮಜ್ಜಿ ಈಗಲೂ ಹೊತ್ತು ಮುಳುಗುವ ಮುಂಚೆಯೇ ಉಣ್ಣುತ್ತಾಳೆ. ಈಗ ಅದು ನಿಜವಾದ ವ್ರತ, ಅಕ್ಕಿ ಮೂರು ಕಡೆ ಇಟ್ಟುಕೊಂಡು ಮಾಡುವುದು. ಹೋದ ಜುಲೈಯಲ್ಲಿ, ಹೊರಗೆ ಅದೇ ಬೂದಿ ಬಣ್ಣ ಇದ್ದಾಗ, ನನ್ನ ಮೊಬೈಲಿನಲ್ಲಿ ಸೂರ್ಯಾಸ್ತದ ಹೊತ್ತು ತೆಗೆದು ತೋರಿಸಿದೆ. 6 ಗಂಟೆ 52 ನಿಮಿಷ ಅಂತ ಇತ್ತು. ಕನ್ನಡಕ ಸರಿಮಾಡಿಕೊಂಡು ನೋಡಿದಳು. ಬೆರಳು ಮಡಿಸಿ ಏನೋ ಎಣಿಸಿದಳು.

‘ಅವ್ವ ಎರಡು ಗಂಟೆ ಮುಂಚೆ ಮುಳುಗಿಸ್ತಿದ್ಲು ಕಣೋ’ ಅಂದಳು. ಆಮೇಲೆ ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು.